ಗಿಟಾರಿಗೆ ಹೆಚ್ಚು ಕೊಟ್ಟ ಹಣ ಎಲ್ಲಿ ಹೋಗಿ ಸೇರುತ್ತದೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವವರಿಗಾಗಿ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಬೆಲೆ ಏರಿದಷ್ಟೂ ನಾದದ ಗುಣ ಏರುತ್ತದೆ, ಆದ್ದರಿಂದ ಸಾಲ ಮಾಡಿಯಾದರೂ ಮೊದಲೇ ಮೇಲ್ದರ್ಜೆಯದನ್ನು ಕೊಂಡುಬಿಡುವುದು ಜಾಣತನ ಎಂಬುದು ಆ ಲೇಖನದ ಒಟ್ಟು ಅಭಿಪ್ರಾಯ. ಇಪ್ಪತ್ತು ವರ್ಷಗಳಿಂದ ಗಿಟಾರ್ ನುಡಿಸುತ್ತಾ, ಅದರಲ್ಲಿ ಹದಿನಾಲ್ಕು ವರ್ಷ ಬಿಡುವಿನ ವೇಳೆಯಲ್ಲಿ ಸ್ನೇಹಿತರ ಹಾಗೂ ಅವರ ಸ್ನೇಹಿತರ ಗಿಟಾರ್‌ಗಳನ್ನು ಬಿಚ್ಚಿ, ಅರ ಹಾಕಿ, ಸರಿಪಡಿಸಿಕೊಡುತ್ತಾ ಬಂದಿರುವ ನನಗೆ ಈ ಅಭಿಪ್ರಾಯ ಒಪ್ಪಿಗೆಯಾಗಲಿಲ್ಲ. ಹಾಗೆಂದು ದುಬಾರಿ ಗಿಟಾರ್ ಎಂದರೆ ಬರೀ ಹೆಸರಿನ ಮೋಹ ಎನ್ನುವವರ ಸಾಲಿಗೂ ನಾನು ಸೇರಿದವನಲ್ಲ. ಹೆಚ್ಚು ಕೊಟ್ಟ ಹಣ ವಾದ್ಯದ ಯಾವ ಭಾಗಕ್ಕೆ ಹೋಗಿ ಸೇರಿತು ಎಂದು ವಿಚಾರಿಸದೆ, ಹೆಚ್ಚು ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಲು ಬರುವುದಿಲ್ಲ ಎಂಬುದಷ್ಟೇ ನನ್ನ ವಾದ.

ಲೇಖಕರು ಗಿಟಾರಿನ ಬಾಡಿ, ಅಂದರೆ ಒಡಲಿನ ಭಾಗ, ಮಾಡಲು ಬಳಸುವ ಮರದ ವರ್ಣನೆಗೆ ಅರ್ಧ ಪುಟ ಮೀಸಲಿಟ್ಟಿದ್ದಾರೆ. ತಂತಿ ಒತ್ತುವ ಕಡೆ ಅಡ್ಡಡ್ಡಲಾಗಿ ಕೂಡಿಸಿರುವ ಲೋಹದ ಪಟ್ಟಿಗಳಾದ ಫ್ರೆಟ್‌ಗಳಿಗೆ ಸಿಕ್ಕಿರುವುದು ಒಂದೇ ಸಾಲು. ನನ್ನ ಕೆಲಸದ ಮೇಜಿನ ಅನುಭವದಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಅಕೂಸ್ಟಿಕ್ ಗಿಟಾರಿನಲ್ಲಿ ತಂತಿಯ ಕಂಪನ ತೆಳುವಾದ ಮೇಲು ಹಲಗೆಯನ್ನು ನಡುಗಿಸುತ್ತದೆ, ಆ ಹಲಗೆ ಗಾಳಿಯನ್ನು ನಡುಗಿಸುತ್ತದೆ. ಅಲ್ಲಿ ಮರವೇ ಧ್ವನಿ. ಎಲೆಕ್ಟ್ರಿಕ್ ಗಿಟಾರಿನ ವ್ಯವಸ್ಥೆ ಬೇರೆ. ತಂತಿಗಳ ಕೆಳಗೆ ಪಿಕಪ್ ಕೂತಿರುತ್ತದೆ. ಅದರೊಳಗೆ ಆಯಸ್ಕಾಂತ, ಆಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳಿರುತ್ತವೆ. ಉಕ್ಕಿನ ತಂತಿ ಆ ಕಾಂತಕ್ಷೇತ್ರದಲ್ಲಿ ಅಲುಗಿದಾಗ ಸುರುಳಿಯಲ್ಲಿ ಸಣ್ಣದೊಂದು ವಿದ್ಯುತ್ ಸಂಕೇತ ಹುಟ್ಟುತ್ತದೆ, ಆಂಪ್ಲಿಫೈಯರ್ (ಆಂಪ್) ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ಬಾಡಿಯ ಮರ ಇದರಲ್ಲಿ ಏನೂ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ತಂತಿಯ ಎರಡು ತುದಿಗಳನ್ನು ಹಿಡಿದಿರುವುದು ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ಮೀಟಿದ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ನಿಂತಿದೆ. ಆದರೆ ಪಿಕಪ್ಪಿನ ಪಕ್ಕದ ಸ್ಕ್ರೂವನ್ನು ಒಂದೆರಡು ಸುತ್ತು ತಿರುಗಿಸಿ ಅದನ್ನು ತಂತಿಗೆ ಹತ್ತಿರ ತಂದರೆ ಆಗುವ ಬದಲಾವಣೆ, ಒಂದು ಜಾತಿಯ ಮರದಿಂದ ಇನ್ನೊಂದು ಜಾತಿಗೆ ಹೋದರೆ ಆಗುವ ಬದಲಾವಣೆಗಿಂತ ನನ್ನ ಕಿವಿಗಂತೂ ಯಾವಾಗಲೂ ದೊಡ್ಡದಾಗಿಯೇ ಕೇಳಿಸಿದೆ.

ಈ ವಾದ್ಯದ ಚರಿತ್ರೆಯೂ ಮರದ ಮಹಿಮೆಗೆ ಅಷ್ಟೇನೂ ಸಾಕ್ಷಿ ಹೇಳುವುದಿಲ್ಲ. 1940ರ ಸುಮಾರಿಗೆ ಲೆಸ್ ಪಾಲ್ ಎಂಬ ಗಿಟಾರ್ ವಾದಕ ನಾಲ್ಕಿಂಚು ಅಗಲ, ನಾಲ್ಕಿಂಚು ದಪ್ಪದ ಪೈನ್ ಮರದ ತುಂಡಿಗೆ ತಂತಿ ಕಟ್ಟಿ, ಪಿಕಪ್ ಕೂಡಿಸಿ ನುಡಿಸಿದ. ನೋಡುವವರಿಗೆ ಗಿಟಾರಿನಂತೆ ಕಾಣಲಿ ಎಂದು ಬೇರೊಂದು ಗಿಟಾರಿನ ಎರಡು ಪಕ್ಕೆಗಳನ್ನು ಕೊಯ್ದು ಅದಕ್ಕೆ ಜೋಡಿಸಿದ. 1950ರ ದಶಕದಲ್ಲಿ ಡ್ಯಾನ್‌ಇಲೆಕ್ಟ್ರೋ ಕಂಪನಿ ಮರದ ಪುಡಿಯನ್ನು ಒತ್ತಿ ಮಾಡಿದ ಹಾರ್ಡ್‌ಬೋರ್ಡ್ ಹಾಳೆಗಳಿಂದ ಅಗ್ಗದ ಗಿಟಾರ್‌ಗಳನ್ನು ತಯಾರಿಸಿತು. ಮುಂದೆ ಲೆಡ್ ಜೆಪ್ಲಿನ್ ತಂಡದ ಜಿಮ್ಮಿ ಪೇಜ್ ಅಂಥದೊಂದನ್ನು ದೊಡ್ಡ ದೊಡ್ಡ ವೇದಿಕೆಗಳ ಮೇಲೆ ನುಡಿಸಿದರು. ಕ್ವೀನ್ ತಂಡದ ಬ್ರಿಯಾನ್ ಮೇ 1963ರಲ್ಲಿ ತಂದೆಯೊಂದಿಗೆ ಸೇರಿ ಕಟ್ಟಲು ತೊಡಗಿದ ಗಿಟಾರಿಗೆ ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರವೂ ಹಳೆಯ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗ್‌ಗಳೂ ಒದಗಿಬಂದವು, ಜೀವಮಾನವಿಡೀ ಅವರು ನುಡಿಸಿದ್ದು ಹೆಚ್ಚಾಗಿ ಅದನ್ನೇ. ಇನ್ನು ಇಂದು ಮೇಲ್ದರ್ಜೆಯ ಗಿಟಾರ್ ಎಂದ ಕೂಡಲೇ ಕಣ್ಣ ಮುಂದೆ ಬರುವ ಸ್ಟ್ರ್ಯಾಟೊಕಾಸ್ಟರನ್ನು 1954ರಲ್ಲಿ ಮಾರುಕಟ್ಟೆಗೆ ತಂದ ಲಿಯೋ ಫೆಂಡರ್ ಮೂಲತಃ ರೇಡಿಯೋ ದುರಸ್ತಿಗಾರರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ನೆಕ್ ಅನ್ನು, ಅಂದರೆ ಫ್ರೆಟ್‌ಗಳಿರುವ ಉದ್ದನೆಯ ಕತ್ತನ್ನು, ಅಂಟಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿಯುವ ಅವರ ಪದ್ಧತಿಯ ಉದ್ದೇಶ ಬೇಗ ತಯಾರಾಗಲಿ, ಕೆಟ್ಟರೆ ಸುಲಭವಾಗಿ ಬದಲಿಸುವಂತಿರಲಿ ಎಂಬುದಾಗಿತ್ತು. ದುಡಿಯುವ ವಾದಕನ ಕೈಗೆ ಕೊಟ್ಟ ಉಪಕರಣವದು. ಅದೇ ವಿನ್ಯಾಸವನ್ನು ಇಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುವುದನ್ನು ಕಂಡಾಗ ನನಗೆ ನಗು ಬರುತ್ತದೆ.

ಹಾಗಾದರೆ ಹೆಚ್ಚು ಹಣ ಕೊಡುವುದರಿಂದ ಏನೂ ಪ್ರಯೋಜನವಿಲ್ಲವೇ? ಖಂಡಿತ ಇದೆ, ಆದರೆ ಅದು ಕೂತಿರುವ ಜಾಗ ಬೇರೆ. ಗಿಟಾರಿನ ನೆಕ್ ಮೇಲೆ 21, 22 ಅಥವಾ 24 ಫ್ರೆಟ್‌ಗಳಿರುತ್ತವೆ. ಇವುಗಳ ತಲೆಗಳೆಲ್ಲ ಒಂದೇ ಮಟ್ಟದಲ್ಲಿರಬೇಕು; ಒಂದು ಫ್ರೆಟ್ ಪಕ್ಕದ್ದಕ್ಕಿಂತ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಎತ್ತರವಾಗಿದ್ದರೂ ತಂತಿ ಅದಕ್ಕೆ ತಾಗಿ ಜರ್ರೆನ್ನುತ್ತದೆ. ಜರ್ರೆನ್ನದಿರಲಿ ಎಂದು ಕಾರ್ಖಾನೆಯವರು ತಂತಿಗಳನ್ನೇ ಎತ್ತರಿಸಿ ಕಳಿಸುತ್ತಾರೆ, ಆಗ ಒತ್ತುವ ಬೆರಳಿಗೆ ನೋವು. ಇದನ್ನು ಸರಿಪಡಿಸುವ ಕೆಲಸ ಹೀಗೆ ನಡೆಯುತ್ತದೆ. ತಂತಿ ಬಿಚ್ಚಿ, ನೆಕ್ ಅನ್ನು ನೇರ ಮಾಡಿ, ಎಲ್ಲ ಫ್ರೆಟ್‌ಗಳ ತಲೆಗೂ ಮಾರ್ಕರ್ ಪೆನ್ನಿನ ಕಪ್ಪು ಶಾಯಿ ಬಳಿದು, ಉದ್ದನೆಯ ಚಪ್ಪಟೆ ಪಟ್ಟಿಗೆ ಉಜ್ಜುಕಾಗದ ಅಂಟಿಸಿ ಮೆಲ್ಲಗೆ ಆಡಿಸಬೇಕು. ಶಾಯಿ ಅಳಿದ ಕಡೆ ಎತ್ತರ, ಉಳಿದ ಕಡೆ ತಗ್ಗು. ಎಲ್ಲದರ ಶಾಯಿಯೂ ಎಳೆಯಷ್ಟು ಅಳಿಯುವವರೆಗೆ ಉಜ್ಜಿದ ಮೇಲೆ ಫ್ರೆಟ್‌ಗಳ ತಲೆ ಚಪ್ಪಟೆಯಾಗಿರುತ್ತದೆ. ಒಂದೊಂದಕ್ಕೂ ಬಾಗಿದ ಅರ ಹಿಡಿದು ಮತ್ತೆ ದುಂಡಗೆ ಮಾಡಬೇಕು, ತುದಿಗಳನ್ನು ಅಂಗೈಗೆ ಚುಚ್ಚದಂತೆ ನುಣುಪು ಮಾಡಬೇಕು, ಕೊನೆಗೆ ಗೀರು ಕಾಣದಂತೆ ಹೊಳಪು ಕೊಡಬೇಕು. ನನ್ನಂಥ ಹವ್ಯಾಸಿಗೆ ಒಂದು ಗಿಟಾರಿಗೆ ಒಂದು ಇಡೀ ಮಧ್ಯಾಹ್ನ ಹಿಡಿಯುತ್ತದೆ. ಪಳಗಿದ ಕೈಗೂ ಗಂಟೆಗಳೇ ಬೇಕು. ಅಗ್ಗದ ಗಿಟಾರ್ ಅಗ್ಗವಾಗಿರುವುದು ಬಹುಮಟ್ಟಿಗೆ ಈ ಗಂಟೆಗಳನ್ನು ಅದರ ಮೇಲೆ ಖರ್ಚು ಮಾಡಿಲ್ಲವೆಂಬ ಕಾರಣಕ್ಕೆ.

ಇದಕ್ಕಿಂತ ಸಣ್ಣದು, ಆದರೆ ಇದಕ್ಕಿಂತ ಹೆಚ್ಚು ಕಾಡುವುದು, ನಟ್. ಬಿರಡೆಗಳಿಂದ ಬರುವ ತಂತಿಗಳು ಫ್ರೆಟ್‌ಗಳನ್ನು ಕೂಡಿಸಿರುವ ಹಲಗೆಗೆ, ಅಂದರೆ ಫ್ರೆಟ್‌ಬೋರ್ಡಿಗೆ, ಇಳಿಯುವಲ್ಲಿ ಮೂಳೆಯದೋ ಪ್ಲಾಸ್ಟಿಕ್ಕಿನದೋ ಒಂದು ಪುಟ್ಟ ಪಟ್ಟಿ ಇರುತ್ತದಲ್ಲ, ಅದು. ಅದರಲ್ಲಿ ಆರು ಕಚ್ಚುಗಳಿರುತ್ತವೆ. ಕಚ್ಚು ಆಳ ಸಾಲದಿದ್ದರೆ ಮೊದಲ ಫ್ರೆಟ್‌ನಲ್ಲಿ ತಂತಿ ಒತ್ತಲು ಹೆಚ್ಚು ಬಲ ಬೇಕಾಗುತ್ತದೆ, ಒತ್ತಿದಾಗ ತಂತಿ ಹೆಚ್ಚು ಬಿಗಿಯಾಗಿ ಸ್ವರ ಏರುತ್ತದೆ. ಇ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದರೆ ಮೂರನೆಯ ತಂತಿ ಮಾತ್ರ ಅಪಸ್ವರ ನುಡಿಯುತ್ತದೆ. ಬಿರಡೆ ತಿರುಗಿಸಿ ಇದನ್ನು ಸರಿಮಾಡಲು ಬರುವುದಿಲ್ಲ, ಯಾಕೆಂದರೆ ಬಿಡಿ ತಂತಿಯ ಶ್ರುತಿ ಸರಿಯಾಗಿಯೇ ಇದೆ. ಎಫ್ ಕಾರ್ಡ್ ಹಿಡಿಯಲು ಬಾರದೆ, ತಮ್ಮ ಬೆರಳುಗಳಲ್ಲೇ ಬಲವಿಲ್ಲವೆಂದು ನಂಬಿ ಗಿಟಾರನ್ನು ಅಟ್ಟಕ್ಕೆ ಹಾಕಿದ ಮೂವರ ವಾದ್ಯಗಳು ಈ ವರ್ಷಗಳಲ್ಲಿ ನನ್ನ ಮೇಜಿಗೆ ಬಂದಿವೆ. ಮೂರರಲ್ಲೂ ತಪ್ಪು ನಟ್ಟಿನದು. ಕಚ್ಚುಗಳನ್ನು ಕೂದಲೆಳೆಯಷ್ಟು ಇಳಿಸಿದ ಮೇಲೆ ಅವರಲ್ಲಿ ಒಬ್ಬರು ಅಲ್ಲೇ ನಿಂತು ಎಫ್ ಕಾರ್ಡ್ ಹಿಡಿದು, ಗಿಟಾರನ್ನೂ ನನ್ನನ್ನೂ ಸರದಿಯಾಗಿ ನೋಡಿದ್ದು ನೆನಪಿದೆ.

ಬೆಲೆ ಏರಿದರೆ ಈ ನಟ್ಟಿನ ಕೆಲಸ ತಾನಾಗಿಯೇ ಸರಿಯಾಗಿರುತ್ತದೆ ಎಂದು ಓದುಗರು ಭಾವಿಸಬಾರದು, ಯಾಕೆಂದರೆ ನಾನು ಹಾಗೆ ಭಾವಿಸಿಯೇ ಏಟು ತಿಂದವನು. ಕೆಲವು ವರ್ಷಗಳ ಹಿಂದೆ, ಮೂರು ವರ್ಷ ಉಳಿಸಿದ ಹಣವನ್ನೆಲ್ಲ ಸುರಿದು ಹೆಸರಾಂತ ಕಂಪನಿಯೊಂದರ ಮೇಲ್ದರ್ಜೆಯ ಗಿಟಾರ್ ಕೊಂಡೆ. ಮನೆಗೆ ತಂದ ದಿನದಿಂದಲೇ ಮೂರನೆಯ ತಂತಿ ಶ್ರುತಿಯಲ್ಲಿ ನಿಲ್ಲುತ್ತಿರಲಿಲ್ಲ. ಬಿರಡೆ ತಿರುಗಿಸಿದರೆ ಸ್ವರ ಏರುವುದಿಲ್ಲ, ಇನ್ನಷ್ಟು ತಿರುಗಿಸಿದರೆ ನಟ್ಟಿನಲ್ಲಿ ಟಿಣ್ ಎಂಬ ಸಣ್ಣ ಸದ್ದಾಗಿ ಒಮ್ಮೆಲೇ ಬೇಕಾದ್ದಕ್ಕಿಂತ ಮೇಲಕ್ಕೆ ಹಾರುತ್ತದೆ. ಕಂಪನಿಗೆ ಬರೆದೆ, ಹೊಸ ತಂತಿ ಹಿಗ್ಗುವುದು ಸಹಜ, ಕೆಲವು ವಾರ ನುಡಿಸಿ ನೋಡಿ ಎಂಬ ಉತ್ತರ ಬಂತು. ತಲೆಯ ಎರಡು ಬದಿಗೂ ಮೂರು ಮೂರು ಬಿರಡೆಗಳಿರುವ ವಿನ್ಯಾಸದಲ್ಲಿ ನಡುವಿನ ತಂತಿಗಳು ನಟ್ ದಾಟುತ್ತಲೇ ಪಕ್ಕಕ್ಕೆ ತಿರುಗುತ್ತವೆ, ಹಾಗಾಗಿ ಅಲ್ಲಿ ಕಚ್ಚು ಇಕ್ಕಟ್ಟಾಗಿದ್ದರೆ ತಂತಿ ಸಿಕ್ಕಿಕೊಳ್ಳುತ್ತದೆ. ಭೂತಗನ್ನಡಿ ಹಿಡಿದು ನೋಡಿದಾಗ ಕಚ್ಚಿನ ಗೋಡೆಗಳು ಒರಟಾಗಿದ್ದವು, ಬಿರಡೆಯ ಕಡೆಗೆ ಇರಬೇಕಾದ ಇಳಿಜಾರೂ ಇರಲಿಲ್ಲ. ತೆಳುವಾದ ಅರದಿಂದ ಹತ್ತು ನಿಮಿಷ ಕೆಲಸ ಮಾಡಿ, ಪೆನ್ಸಿಲ್ಲಿನ ಮೊನೆಯಿಂದ ಸ್ವಲ್ಪ ಗ್ರಾಫೈಟ್ ಪುಡಿ ಸವರಿದೆ. ಅಂದಿನಿಂದ ಇಂದಿನವರೆಗೆ ಆ ತಂತಿ ನಟ್ಟಿನಲ್ಲಿ ಟಿಣ್ ಎಂದಿಲ್ಲ. ನಾನು ಕೊಟ್ಟ ಅಷ್ಟು ಹಣದಲ್ಲಿ ಆ ಹತ್ತು ನಿಮಿಷಕ್ಕೆ ಪಾಲು ಸಿಕ್ಕಿರಲಿಲ್ಲ ಎಂಬುದು ಇಂದಿಗೂ ನನ್ನ ಅಸಮಾಧಾನ.

ಆದರೂ ಅದೇ ಗಿಟಾರನ್ನು ನಾನು ಮಾರಲಿಲ್ಲ, ಅದಕ್ಕೆ ಕಾರಣ ಅದರ ನೆಕ್. ಹದವಾಗಿ ಒಣಗಿದ, ಎಳೆಗಳು ನೇರವಾಗಿರುವ ಮರದಿಂದ ಮಾಡಿದ ನೆಕ್ ಮಳೆಗಾಲ ಬೇಸಿಗೆಗಳ ನಡುವೆ ಅಷ್ಟಾಗಿ ಅಲುಗಾಡುವುದಿಲ್ಲ. ನೆಕ್ಕಿನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಕಡ್ಡಿಯಿದ್ದು, ತಂತಿಗಳ ಎಳೆತಕ್ಕೆ ಎದುರಾಗಿ ಬಾಗು ಸರಿಪಡಿಸಲು ಅದನ್ನು ಬಿಗಿಮಾಡುತ್ತಾರೆ ಅಥವಾ ಸಡಿಲಿಸುತ್ತಾರೆ. ನಡುವೆ ಸುಮಾರು 0.2 ಮಿಲಿಮೀಟರಿನಷ್ಟು ತಗ್ಗು ಉಳಿದರೆ ಸಾಕು. ಆದರೆ ಈ ಕಡ್ಡಿ ಉದ್ದುದ್ದಕ್ಕೆ ಬಾಗಿದ್ದನ್ನು ಮಾತ್ರ ತಿದ್ದಬಲ್ಲದು, ಸೊಟ್ಟಗೆ ತಿರುಚಿಕೊಂಡ ನೆಕ್ಕಿಗೆ ಅದು ಏನೂ ಮಾಡಲಾರದು. ಹಸಿಯಾಗಿದ್ದ ಮರ ಗಿಟಾರ್ ಆದಮೇಲೆ ಒಣಗಿದರೆ ಮರ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಫ್ರೆಟ್‌ಗಳ ತುದಿ ಅಂಚಿನಿಂದ ಹೊರಬಂದು ಕೈ ಗೀರುತ್ತದೆ. ತುದಿಗಳನ್ನು ಅರದಿಂದ ಸವೆಸಬಹುದು, ತಿರುಚಿದ ನೆಕ್ಕನ್ನು ಮಾತ್ರ ಎಸೆಯುವುದೇ ದಾರಿ. ಪಿಕಪ್ ಬದಲಿಸಬಹುದು, ಬಿರಡೆ ಬದಲಿಸಬಹುದು, ನಟ್ ಹೊಸದು ಮಾಡಬಹುದು, ಫ್ರೆಟ್ ಸಮ ಮಾಡಬಹುದು; ಕೆಟ್ಟ ಮರದ ನೆಕ್ಕನ್ನು ಆಮೇಲೆ ಯಾವ ಹಣವೂ ಒಳ್ಳೆಯದು ಮಾಡುವುದಿಲ್ಲ. ಹೆಚ್ಚು ಹಣ ಕೊಡುವುದಿದ್ದರೆ ಮೊದಲು ಕೊಡಬೇಕಾದದ್ದು ಇಲ್ಲಿಗೇ. ಮರಕ್ಕೆ ಲೇಖಕರು ಕೊಟ್ಟ ಅರ್ಧ ಪುಟ ಬಾಡಿಯ ಬದಲು ನೆಕ್ಕಿಗೆ ಸಂದಿದ್ದರೆ ನಾನು ಈ ಪತ್ರವನ್ನೇ ಬರೆಯುತ್ತಿರಲಿಲ್ಲವೇನೋ.

ಒಳಗಿನ ವಿದ್ಯುತ್ ಭಾಗಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಅಗ್ಗದವುಗಳಲ್ಲಿ ಸ್ವಿಚ್ಚು ಬೇಗ ಕರಕರ ಎನ್ನುತ್ತದೆ, ವಾಲ್ಯೂಮ್ ಗುಂಡಿ ಒಂದೇ ಕಡೆ ಒಮ್ಮೆಲೇ ಏರಿಳಿಯುತ್ತದೆ. ಒಂದೇ ಸುರುಳಿಯ ಪಿಕಪ್‌ಗಳು ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತವೆ, ಅದು ಬೆಲೆಯ ದೋಷವಲ್ಲ, ವಿನ್ಯಾಸದ ಸ್ವಭಾವ; ಎರಡು ಸುರುಳಿಗಳನ್ನು ಎದುರುಬದುರಾಗಿ ಜೋಡಿಸಿ ಆ ಸದ್ದನ್ನು ಅಡಗಿಸುವ ಹಂಬಕರ್ ಪಿಕಪ್ಪನ್ನು ಸೆತ್ ಲವರ್ ಗಿಬ್ಸನ್ ಕಂಪನಿಗಾಗಿ 1955ರಲ್ಲಿ ರೂಪಿಸಿದರು. ಇವೆಲ್ಲ ಬೆಸುಗೆ ಕಡ್ಡಿ ಹಿಡಿಯಲು ಬಲ್ಲವರು ಒಂದು ಸಂಜೆಯಲ್ಲಿ ಬದಲಿಸಬಹುದಾದ ವಸ್ತುಗಳು. ಇವಕ್ಕಾಗಿಯೇ ಮೇಲಿನ ದರ್ಜೆಗೆ ಹೋಗುವ ಅಗತ್ಯವಿಲ್ಲ.

ಲೇಖನ ಗಮನಿಸದ ಇನ್ನೊಂದು ಸಂಗತಿಯೆಂದರೆ, ಕೆಳಗಿನ ಮತ್ತು ನಡುವಿನ ದರ್ಜೆಗಳು ಕಳೆದ ನಾಲ್ಕು ದಶಕಗಳಲ್ಲಿ ಎಷ್ಟು ಮೇಲೇರಿವೆ ಎಂಬುದು. ಹಿಂದೆ ನೆಕ್ಕಿನ ದುಂಡನೆಯ ಬೆನ್ನನ್ನು ಕೆತ್ತುವುದು ನುರಿತ ಕೈಯ ಕೆಲಸವಾಗಿತ್ತು, ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಇಂದು ಕಂಪ್ಯೂಟರ್ ನಿಯಂತ್ರಿತ ಯಂತ್ರ ಅಗ್ಗದ ನೆಕ್ಕನ್ನೂ ದುಬಾರಿ ನೆಕ್ಕನ್ನೂ ಒಂದೇ ನಿಖರತೆಯಿಂದ ಕೆತ್ತುತ್ತದೆ. ತಂತಿಗಳ ಎಳೆತದಲ್ಲೇ ಫ್ರೆಟ್‌ಗಳ ಎತ್ತರ ಅಳೆದು ತಾನೇ ಸವೆಸುವ ಪ್ಲೆಕ್ ಎಂಬ ಜರ್ಮನ್ ಯಂತ್ರವೂ ಇದೆ. ದೊಡ್ಡ ಕಂಪನಿಗಳೇ ತಮ್ಮ ವಿನ್ಯಾಸಗಳನ್ನು ಎರಡನೆಯ ಹೆಸರಿನಲ್ಲಿ ಕಡಿಮೆ ಬೆಲೆಗೆ ಮಾರುತ್ತವೆ. ಫೆಂಡರ್‌ನ ಸ್ಕ್ವಾಯರ್ ಹೆಸರಿನ ಗಿಟಾರ್‌ಗಳು 1982ರಲ್ಲಿ ಜಪಾನಿನಲ್ಲಿ ತಯಾರಾಗತೊಡಗಿದವು, ಗಿಬ್ಸನ್ 1957ರಲ್ಲೇ ಎಪಿಫೋನ್ ಕಂಪನಿಯನ್ನು ಕೊಂಡಿತ್ತು. ಆ ಮೊದಮೊದಲ ಜಪಾನೀ ಸ್ಕ್ವಾಯರ್‌ಗಳನ್ನು ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಅಗ್ಗದ ಕೆತ್ತನೆಗೂ ದುಬಾರಿ ಕೆತ್ತನೆಗೂ ನಡುವಿನ ಅಂತರವನ್ನು ಯಂತ್ರ ಮುಚ್ಚಿದ ಮೇಲೆ ಉಳಿದಿರುವುದು ಮರದ ಆಯ್ಕೆ ಮತ್ತು ಕೊನೆಯ ಕೈಗೆಲಸ, ಇವೆರಡೇ.

ತಳದ ದರ್ಜೆಯಿಂದ ನಡುವಿನ ದರ್ಜೆಗೆ ಏರುವಾಗ ಹಣ ಹೆಚ್ಚಾಗಿ ಇವೆರಡಕ್ಕೇ ಹೋಗುತ್ತದೆ. ಆದ್ದರಿಂದ ಆ ಏರಿಕೆಗೆ ಕೊಡುವ ಹಣ ಸಾರ್ಥಕ ಎಂದೇ ನನ್ನ ತೀರ್ಪು. ಕಲಿಯುವವರಿಗೆ ತೀರ ಅಗ್ಗದ್ದು ಸಾಕು ಎನ್ನುವವರಿಗೆ ನಾನು ಒಪ್ಪುವುದಿಲ್ಲ, ಕೆಟ್ಟ ವಾದ್ಯವನ್ನು ಪಳಗಿಸಲು ಬೇಕಾದ ಕೈ ಕಲಿಯುವವರಲ್ಲಿ ಇರುವುದಿಲ್ಲ. ನಡುವಿನಿಂದ ಮೇಲಿನ ದರ್ಜೆಗೆ ಏರುವಾಗಲೇ ಲೆಕ್ಕ ಮಸುಕಾಗುವುದು. ಅಲ್ಲಿ ಹಣದ ದೊಡ್ಡ ಪಾಲು ಹುಲಿಪಟ್ಟೆಯಂತೆ ಗೆರೆಗಳಿರುವ ಮೇಪಲ್ ಹೊದಿಕೆಗೆ, ತೆಳುವಾದ ನೈಟ್ರೋಸೆಲ್ಯುಲೋಸ್ ಬಣ್ಣಕ್ಕೆ, ತಲೆಯ ಮೇಲಿನ ಹೆಸರಿಗೆ, ತಯಾರಾಗುವ ದೇಶದ ಕೂಲಿಗೆ ಹೋಗುತ್ತದೆ. ಗೆರೆಗಳು ಕಣ್ಣಿಗೆ ಚೆನ್ನ, ಪಿಕಪ್ಪಿಗೆ ಅವು ಕಾಣುವುದಿಲ್ಲ. ನೈಟ್ರೋ ಬಣ್ಣವಂತೂ ಕೆಲವು ರಬ್ಬರ್ ಸ್ಟ್ಯಾಂಡ್‌ಗಳಿಗೆ ಒರಗಿಸಿಟ್ಟರೆ ಕರಗಿ ಅಂಟಿಕೊಳ್ಳುತ್ತದೆ. ಹೊಸ ಗಿಟಾರಿನ ಬಣ್ಣವನ್ನು ಕಾರ್ಖಾನೆಯಲ್ಲೇ ಕೆರೆದು, ಲೋಹಕ್ಕೆ ತುಕ್ಕು ಹಿಡಿಸಿ, ಐವತ್ತು ವರ್ಷ ನುಡಿಸಿದಂತೆ ಕಾಣಿಸಿ ಇನ್ನೂ ಹೆಚ್ಚು ಬೆಲೆಗೆ ಮಾರುವ ಪದ್ಧತಿಯೂ ಇದೆ. ಆ ಸವೆತವನ್ನು ನಾನು ನುಡಿಸಿ ನುಡಿಸಿ ಉಚಿತವಾಗಿಯೇ ಗಳಿಸಿದ್ದೇನೆ.

ಫ್ರೆಟ್‌ಬೋರ್ಡಿನ ಬೀಟೆ ಮರದ ಕಥೆಯನ್ನೂ ಇಲ್ಲಿ ಹೇಳಬೇಕು. ಬ್ರೆಜಿಲ್‌ನ ಬೀಟೆ 1992ರಿಂದಲೇ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಕಠಿಣ ಅನುಬಂಧದಲ್ಲಿತ್ತು. 2017ರ ಜನವರಿಯಲ್ಲಿ ಆ ಕುಲದ ಉಳಿದ ಜಾತಿಗಳೂ ಎರಡನೆಯ ಅನುಬಂಧಕ್ಕೆ ಸೇರಿದವು. 2019ರಲ್ಲಿ ಆ ಎರಡನೆಯ ಅನುಬಂಧದ ಬೀಟೆಯಿಂದ ಮಾಡಿದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಗುವಷ್ಟರಲ್ಲಿ ಕೆಲವು ತಯಾರಕರು ಕೆಲವು ಮಾದರಿಗಳಿಗೆ ಪಾವ್ ಫೆರೋದಂಥ ಬೇರೆ ಮರ ಬಳಸತೊಡಗಿದ್ದರು. ಅಪರೂಪವಾದದ್ದರ ಬೆಲೆ ಏರುವುದು ಸಹಜ, ಆದರೆ ಅಪರೂಪವೇ ನಾದವಲ್ಲ. ಎರಡೂ ಬಗೆಯ ಫ್ರೆಟ್‌ಬೋರ್ಡುಗಳ ಮೇಲೆ ಫ್ರೆಟ್ ಸವೆಸಿದ ನನ್ನ ಅನುಭವದಲ್ಲಿ ಬೆರಳಿಗೆ ಗೊತ್ತಾಗುವುದು ಮೇಲ್ಮೈಯ ನುಣುಪು ಮಾತ್ರ.

ಇನ್ನು ಕಿವಿಯ ವಿಷಯ. ಅಂಗಡಿಯಲ್ಲಿ ದುಬಾರಿ ಗಿಟಾರ್ ಚೆನ್ನಾಗಿ ಕೇಳಿಸಿತು ಎಂದು ಎಲ್ಲರೂ ಹೇಳುತ್ತಾರೆ, ಅವರು ಸುಳ್ಳು ಹೇಳುತ್ತಿಲ್ಲ. ಒಂದೇ ಧ್ವನಿಯನ್ನು ಸ್ವಲ್ಪ ಜೋರು ಮಾಡಿದರೆ ತಗ್ಗು ಸ್ವರಗಳೂ ಏರು ಸ್ವರಗಳೂ ಹೆಚ್ಚು ತುಂಬಿದಂತೆ ಕೇಳಿಸುತ್ತವೆ. ನಮ್ಮ ಕಿವಿಯ ಈ ಗುಣವನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದರು. ಒಂದು ಗಿಟಾರಿನ ಪಿಕಪ್ ಇನ್ನೊಂದರದಕ್ಕಿಂತ ಬಲವಾಗಿದ್ದರೆ, ಆಂಪಿನ ಗುಂಡಿ ಮುಟ್ಟದೆ ಎರಡನ್ನೂ ಹೋಲಿಸಿದವರಿಗೆ ಬಲವಾದದ್ದೇ ಉತ್ತಮ ಎನಿಸುತ್ತದೆ. ತಂತಿಯ ವಯಸ್ಸೂ ಹಾಗೆಯೇ. ತಿಂಗಳುಗಟ್ಟಲೆ ಎಲ್ಲರ ಕೈ ಬೆವರು ಹೀರಿದ ತಂತಿಯಿರುವ ಗಿಟಾರ್ ಮೊನ್ನೆ ತಂತಿ ಕಟ್ಟಿದ್ದರ ಮುಂದೆ ಮಂಕಾಗುತ್ತದೆ. ಬೆಲೆ ಗೊತ್ತಿರುವುದರ ಪ್ರಭಾವ ಇದೆಲ್ಲಕ್ಕಿಂತ ದೊಡ್ಡದು. ಮರವೇ ಧ್ವನಿಯಾಗಿರುವ ಪಿಟೀಲಿನ ವಿಷಯದಲ್ಲೂ ಸಂಶೋಧಕಿ ಕ್ಲಾಡಿಯಾ ಫ್ರಿಟ್ಸ್ ಮತ್ತು ಸಂಗಡಿಗರು 2010ರಲ್ಲಿ 21 ಪಿಟೀಲು ವಾದಕರಿಗೆ ಯಾವುದು ಯಾವುದೆಂದು ತಿಳಿಯದಂತೆ ಹಳೆಯ ಸ್ಟ್ರಾಡಿವೇರಿಯಸ್‌ನಂಥ ವಾದ್ಯಗಳನ್ನೂ ಹೊಸ ವಾದ್ಯಗಳನ್ನೂ ಕೊಟ್ಟು ಪರೀಕ್ಷಿಸಿದಾಗ, ಹೆಚ್ಚಿನವರಿಗೆ ಹಳೆಯದು ಯಾವುದು ಹೊಸದು ಯಾವುದು ಎಂದು ಹೇಳಲಾಗಲಿಲ್ಲ, ಇಷ್ಟಪಟ್ಟದ್ದೂ ಹೆಚ್ಚಾಗಿ ಹೊಸದನ್ನೇ.

ಇದನ್ನು ಓದಿದ ಮೇಲೆ ಮನೆಯಲ್ಲೇ ನಾನೊಂದು ಪರೀಕ್ಷೆ ಮಾಡಿಕೊಂಡೆ. ನನ್ನ ಮೇಲ್ದರ್ಜೆಯ ಗಿಟಾರಿಗೂ, ಫ್ರೆಟ್ ಮತ್ತು ನಟ್ಟಿನ ಕೆಲಸ ನಾನೇ ಮಾಡಿದ ಹಳೆಯ ನಡುದರ್ಜೆಯ ಗಿಟಾರಿಗೂ ಒಂದೇ ದಿನ ಒಂದೇ ಬಗೆಯ ಹೊಸ ತಂತಿ ಕಟ್ಟಿದೆ. ಎರಡರಲ್ಲೂ ಹಂಬಕರ್ ಪಿಕಪ್‌ಗಳೇ ಇದ್ದವು; ಧ್ವನಿ ಒಂದೇ ಮಟ್ಟಕ್ಕೆ ಬರುವಂತೆ ಅವುಗಳ ಎತ್ತರ ಹೊಂದಿಸಿ, ನನ್ನ ತಮ್ಮನಿಗೆ ನುಡಿಸಲು ಹೇಳಿ ಗೋಡೆಗೆ ಮುಖ ಮಾಡಿ ಕೂತೆ. ಹತ್ತು ಸಲ ನುಡಿಸಿದ, ಐದು ಸಲ ಸರಿಯಾಗಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಆಮೇಲೆ ಕಣ್ಣು ಕಟ್ಟಿಕೊಂಡು, ಆಂಪ್ ಆರಿಸಿ, ಅವನು ಕೈಗಿತ್ತದ್ದನ್ನು ಹಿಡಿದು ಎರಡು ಬಾರಿ ತಂತಿ ಎಳೆದೆ. ಹತ್ತಕ್ಕೆ ಹತ್ತೂ ಸರಿ. ನೆಕ್ಕಿನ ಅಂಚು ಅಂಗೈಯಲ್ಲಿ ಉರುಳುವ ರೀತಿಯಿಂದಲೇ ಅದು ಗೊತ್ತಾಗುತ್ತಿತ್ತು. ಹೆಚ್ಚು ಕೊಟ್ಟ ಹಣ ನನ್ನ ಕೈಗೆ ಸೇರಿತ್ತು, ಕೇಳುವವರ ಕಿವಿಗೆ ಸೇರಿರಲಿಲ್ಲ. ತಾಸುಗಟ್ಟಲೆ ನುಡಿಸುವವನಿಗೆ ಕೈಗೆ ಸೇರಿದ್ದೂ ಸಣ್ಣ ಲಾಭವಲ್ಲ. ಆದರೆ ಅದನ್ನು ನಾದದ ಹೆಸರಿನಲ್ಲಿ ಮಾರಬಾರದು.

ನಾದವೇ ಬೇಕೆಂದಿದ್ದರೆ ಆ ಹೆಚ್ಚುವರಿ ಹಣ ಆಂಪಿಗೆ ಹೋಗಲಿ. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ಮೇಲಿನ ಕಂಪನಗಳನ್ನು ಬಹುಮಟ್ಟಿಗೆ ಕತ್ತರಿಸುತ್ತದೆ. ಸಂಗೀತದ ಪೆಟ್ಟಿಗೆಯ ಸ್ಪೀಕರಿನಂತೆ ಅದು ಎಲ್ಲವನ್ನೂ ಇದ್ದಂತೆ ಕೇಳಿಸಲು ಮಾಡಿದ್ದಲ್ಲ, ತನ್ನದೇ ಬಣ್ಣ ಬಳಿಯಲು ಮಾಡಿದ್ದು. ನಡುದರ್ಜೆಯ ಗಿಟಾರನ್ನು ಒಳ್ಳೆಯ ಆಂಪಿಗೆ ಜೋಡಿಸಿದರೆ ಕೇಳುವವರು ತಲೆಯಾಡಿಸುತ್ತಾರೆ, ಮೇಲ್ದರ್ಜೆಯದನ್ನು ಆಟಿಕೆಯಂಥ ಆಂಪಿಗೆ ಜೋಡಿಸಿದರೆ ಆ ಗಿಟಾರ್ ಏನೆಂದು ಯಾರಿಗೂ ತಿಳಿಯುವುದಿಲ್ಲ. ಆಂಪಿನ ಬಗ್ಗೆ ಲೇಖನದಲ್ಲಿ ಒಂದು ಮಾತೂ ಇಲ್ಲದ್ದು ನನಗೆ ಆಶ್ಚರ್ಯ ತಂದಿತು.

ಮೇಲ್ದರ್ಜೆಯದು ಯಾರಿಗೂ ಬೇಡ ಎಂದು ಇದರ ಅರ್ಥವಲ್ಲ. ವಾರಕ್ಕೆ ಮೂರು ದಿನ ವೇದಿಕೆಯಲ್ಲಿ ನಿಲ್ಲುವವರಿಗೆ ದೀಪಗಳ ಶಾಖದಲ್ಲೂ ಶ್ರುತಿ ಕದಲದ ವಾದ್ಯ ಬೇಕು, ತುಕ್ಕುಹಿಡಿಯದ ಉಕ್ಕಿನ ಫ್ರೆಟ್‌ಗಳಿದ್ದರೆ ಅವು ಸಾಮಾನ್ಯ ಫ್ರೆಟ್‌ಗಳಿಗಿಂತ ಎಷ್ಟೋ ನಿಧಾನವಾಗಿ ಸವೆಯುತ್ತವೆ. ಮೂರು ತಾಸು ಹೆಗಲಿಗೆ ನೇತುಹಾಕಿಕೊಳ್ಳುವವರಿಗೆ ಮೂರು ಕಿಲೋ ತೂಕಕ್ಕೂ ನಾಲ್ಕೂವರೆ ಕಿಲೋ ತೂಕಕ್ಕೂ ಇರುವ ವ್ಯತ್ಯಾಸ ಬೆನ್ನಿಗೆ ಗೊತ್ತಾಗುತ್ತದೆ, ಹಗುರವಾದ ಮರವನ್ನು ಆರಿಸಿ ತೆಗೆಯುವುದಕ್ಕೆ ತಯಾರಕರು ಹೆಚ್ಚು ಕೇಳುವುದು ನ್ಯಾಯವೇ. ಹೆಸರಾಂತ ಗಿಟಾರ್ ಮಾರುವಾಗಲೂ ಹೆಚ್ಚು ಕಳೆದುಕೊಳ್ಳುವುದಿಲ್ಲ. ಗೋಡೆಯ ಮೇಲೆ ತೂಗುವ ಗಿಟಾರ್ ಚೆಂದವಾಗಿದ್ದರೆ ದಿನಕ್ಕೆರಡು ಸಲ ಹೆಚ್ಚು ಕೈಗೆ ಬರುತ್ತದೆ ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ; ನನ್ನದೂ ಹಾಗೆಯೇ ಬರುತ್ತದೆ. 2019ರಲ್ಲಿ ಹರಾಜಾದ, ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರ್ಯಾಟೊಕಾಸ್ಟರಿಗೆ ಸಂದದ್ದು ಅವರ ನುಡಿಕೆಯ ಬೆಲೆ. ಆ ಗಿಟಾರ್ ಸ್ವತಃ 1970ರಲ್ಲಿ ಅಂಗಡಿಯಿಂದ ಕೊಂಡ ಕಾರ್ಖಾನೆಯ ಸರಕು, ಅದರ ನೆಕ್ಕನ್ನೂ ಪಿಕಪ್‌ಗಳನ್ನೂ ಅವರು ಮತ್ತೆ ಮತ್ತೆ ಬದಲಿಸಿದ್ದರು.

ಕೊಳ್ಳಲು ಹೊರಟವರು ಅಂಗಡಿಯಲ್ಲಿ ಆಂಪ್ ಹಾಕುವ ಮೊದಲು ಹತ್ತು ನಿಮಿಷ ವಾದ್ಯವನ್ನು ಕೈಯಲ್ಲೇ ಪರೀಕ್ಷಿಸಲಿ. ನೆಕ್ಕಿನ ಅಂಚಿನ ಉದ್ದಕ್ಕೂ ಅಂಗೈ ಸವರಿ ಫ್ರೆಟ್‌ಗಳ ತುದಿ ಚುಚ್ಚುತ್ತದೆಯೇ ನೋಡಲಿ. ಎರಡನೆಯ ಮತ್ತು ಮೂರನೆಯ ಫ್ರೆಟ್‌ಗಳ ನಡುವೆ ತಂತಿ ಒತ್ತಿ ಹಿಡಿದು, ಮೊದಲ ಫ್ರೆಟ್ಟಿಗೂ ತಂತಿಗೂ ನಡುವೆ ಕಾಗದ ತೂರುವಷ್ಟೇ ಸಂದಿದೆಯೇ ಗಮನಿಸಲಿ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದ ಸ್ವರವೂ ಒತ್ತಿ ಮೀಟಿದ ಸ್ವರವೂ ಒಂದೇ ಆಗಿರಬೇಕು. ಅಲ್ಲಿಂದ ಮೇಲಿನ ಫ್ರೆಟ್‌ಗಳಲ್ಲಿ ಮೊದಲ ತಂತಿಯನ್ನು ಒಂದು ಪೂರ್ಣ ಸ್ವರದಷ್ಟು ಎಳೆದಾಗ ಧ್ವನಿ ಸತ್ತುಹೋಗಬಾರದು. ಬೆಲೆಪಟ್ಟಿಯನ್ನು ತಲೆಕೆಳಗು ಮಾಡಿಟ್ಟು ಮೂರು ದರ್ಜೆಯವನ್ನೂ ಹೀಗೆ ನೋಡಿದರೆ ಕೆಲವೊಮ್ಮೆ ನಡುವಿನದು ಗೆಲ್ಲುತ್ತದೆ, ಕೆಲವೊಮ್ಮೆ ಮೇಲಿನದು. ಒಂದೇ ಮಾದರಿಯ ಎರಡು ಗಿಟಾರ್‌ಗಳ ನಡುವೆಯೇ ವ್ಯತ್ಯಾಸ ಇರುವುದರಿಂದ, ನೋಡಿದ್ದನ್ನೇ ಮನೆಗೆ ತರಬೇಕು, ಗೋದಾಮಿನಿಂದ ಬೇರೊಂದು ತರಿಸಿಕೊಳ್ಳಬಾರದು.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಲೇಖನದ ಜೊತೆಗಿದ್ದ ಪಟ್ಟಿಯಲ್ಲಿ ಐದು ಗಿಟಾರ್‌ಗಳ ನಾದಕ್ಕೆ ನಕ್ಷತ್ರಗಳನ್ನು ಕೊಡಲಾಗಿದೆ. ಯಾವ ಆಂಪಿನಲ್ಲಿ ಕೇಳಿದರು, ತಂತಿಗಳು ಹೊಸವೇ, ಹೋಲಿಸುವ ಮೊದಲು ಐದನ್ನೂ ಸೆಟಪ್ ಮಾಡಿಸಿ, ಅಂದರೆ ತಂತಿಯ ಎತ್ತರ, ನೆಕ್ಕಿನ ಬಾಗು ಮುಂತಾದವನ್ನು ಸರಿಹೊಂದಿಸಿ, ಇಟ್ಟಿದ್ದರೇ ಎಂಬುದು ಎಲ್ಲೂ ಇಲ್ಲ. ಮುಂದಿನ ಕಂತಿನಲ್ಲಿ ಈ ವಿವರಗಳನ್ನೂ, ಹನ್ನೆರಡನೆಯ ಫ್ರೆಟ್ಟಿನಲ್ಲಿ ತಂತಿಯ ಎತ್ತರ ಎಷ್ಟು ಮಿಲಿಮೀಟರ್ ಇತ್ತು ಎಂಬುದನ್ನೂ ಪ್ರಕಟಿಸಿದರೆ ಓದುಗರಿಗೆ ಆ ನಕ್ಷತ್ರಗಳ ಬೆಲೆ ತಿಳಿಯುತ್ತದೆ. ಅಳೆಯಲು ಬೇಕಾದ ಉಕ್ಕಿನ ಪಟ್ಟಿ ನನ್ನ ಬಳಿ ಇದೆ, ಲೇಖಕರು ಕೇಳಿದರೆ ಎರವಲು ಕೊಡುತ್ತೇನೆ.

ಇಂತಿ ವಂದನೆಗಳೊಂದಿಗೆ,
ತಮ್ಮ ಪತ್ರಿಕೆಯ ಓದುಗ